ಟ್ರೇಲರ್ ಎಳೆಯಲು ಎಂಥ ಪಿಕಪ್?

ಕೊಯ್ಲು ಮುಗಿಯುತ್ತಿದ್ದಂತೆ ಸದಸ್ಯರಲ್ಲಿ ಹಲವರು ಸಂಘದ ಕಚೇರಿಗೆ ಬಂದು, "ಟ್ರೇಲರ್ ಎಳೆಯಲು ಯಾವ ಪಿಕಪ್ ಕೊಳ್ಳೋಣ?" ಎಂದು ಕೇಳುವುದುಂಟು. ಎಳೆಯುವ ಶಕ್ತಿಗಿಂತ ಮೊದಲು ತಡೆಯುವ ಶಕ್ತಿಯನ್ನು ನೋಡಿ ಎಂಬುದೇ ನನ್ನ ಉತ್ತರ.

ಈ ಪಾಠವನ್ನು ನಾನು ಪೆಟ್ಟು ತಿಂದೇ ಕಲಿತೆ. 400 ಕಿಲೋ ತೂಕದ ಬ್ರೇಕಿಲ್ಲದ ಟ್ರೇಲರಿಗೆ 50 ಕಿಲೋದ 20 ಕಾಫಿ ಮೂಟೆ ಹೇರಿ ಇಳಿಜಾರಿನಲ್ಲಿ ಬರುತ್ತಿದ್ದೆ. ಭಾರವೆಲ್ಲ ಹಿಂದಕ್ಕಿದ್ದುದರಿಂದ ಟ್ರೇಲರ್ ಓಲಾಡಿ ಧರೆಗೆ ಬಡಿಯಿತು. ಮೂಟೆಗಳ ಮೇಲಿದ್ದ ಇಬ್ಬರು ಆಳುಗಳು ಉಳಿದದ್ದೇ ಪುಣ್ಯ. ಅವರನ್ನು ಅಲ್ಲಿ ಕೂರಿಸಿದ್ದು ನನ್ನದೇ ತಪ್ಪು.

ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳಬೇಕು. ನನ್ನ 1,400 ಕಿಲೋಗೆ ಅದು 140ರಿಂದ 210 ಕಿಲೋ. ಕಡಿಮೆಯಾದರೆ ಟ್ರೇಲರ್ ಓಲಾಡುತ್ತದೆ. ವಿಪರೀತವಾದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಈ ಭಾರವನ್ನು ಪಿಕಪ್ಪಿನ ಹೊರೆಯಲ್ಲೇ ಲೆಕ್ಕ ಹಿಡಿಯಿರಿ.

ಕೊಳ್ಳುವ ಮುನ್ನ ವಾಹನದ ಕೈಪಿಡಿಯಲ್ಲಿ ಎಳೆಯುವ ತೂಕದ ಮಿತಿಯನ್ನು ಓದಿ. ಕೆಸರುದಾರಿಯಿದ್ದರೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಲೇಸು. ಟ್ರೇಲರಿಗೆ ಬ್ರೇಕಿರಲಿ, ಇಳಿಜಾರಿನಲ್ಲಿ ಕೆಳಗಿನ ಗೇರೇ ಇರಲಿ. ಮೂಟೆ ಹೋದರೆ ಮುಂದಿನ ಫಸಲಿಗೆ ಬಂದೀತು. ಆಳು ಹೋದರೆ ಬಾರನು.