ತಲೆಯೊಳಗಿನ ಗಡ್ಡೆಗೆ ಒಬ್ಬರೇ ಡಾಕ್ಟರ್ ಸಾಲದು

"ತಲಿನೋವೇನ್ ದೊಡ್ಡದಲ್ಲ ಬಿಡ್ರಿ, ಒಂದ್ ಗುಳಿಗಿ ನುಂಗಿದ್ರ ಹೋಗತೈತಿ." ನಮ್ಮ ಕಡೆ ಈ ಮಾತು ಕೇಳದ ಮನೆಯೇ ಇಲ್ಲ. ನಿಜ, ಬಹುಪಾಲು ತಲೆನೋವು ಹಾಗೆ ಹೋಗುವಂಥದ್ದೇ. ಆದರೆ ಗದಗ ತಾಲ್ಲೂಕಿನ ಹರ್ತಿಯಲ್ಲಿ ಒಬ್ಬ ಗೃಹಿಣಿ ಇದ್ದಾರೆ ಎಂದುಕೊಳ್ಳಿ. ಎರಡು ತಿಂಗಳಿಂದ ಬೆಳಿಗ್ಗೆ ಏಳುತ್ತಲೇ ತಲೆನೋವು, ವಾಂತಿ. "ಜೋಳದ ರಾಶಿ ಮುಗೀಲಿ, ಆಮ್ಯಾಲ ತೋರಿಸಿದ್ರಾತು" ಎಂದು ದಿನ ದೂಡುತ್ತಾರೆ. ಒಂದು ದಿನ ರೊಟ್ಟಿ ಬಡಿಯುವಾಗಲೇ ಫಿಟ್ಸ್ ಬರುತ್ತದೆ. ಮನೆಯವರು ಕೈಗೆ ಕಬ್ಬಿಣ ಕೊಟ್ಟು, ಉಳ್ಳಾಗಡ್ಡಿ ಮೂಸಿಸುತ್ತಾರೆ. ಕೊನೆಗೆ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುತ್ತದೆ.

ಮುಂದೇನು? "ಛಲೋ ಡಾಕ್ಟರ್ ಯಾರದಾರ?" ಎಂದು ಎಲ್ಲರೂ ಕೇಳುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆಯಿದೆ: "ಇದನ್ನ ಯಾರ್ಯಾರು ಕೂಡಿ ನೋಡ್ತಾರ?"

ಯಾಕೆಂದರೆ ಮಿದುಳು ಮತ್ತು ಬೆನ್ನುಹುರಿಯ ಗಡ್ಡೆಗಳೆಲ್ಲ ಒಂದೇ ಥರ ಅಲ್ಲ. ಎಲ್ಲವೂ ಕ್ಯಾನ್ಸರ್ ಕೂಡ ಅಲ್ಲ. ಹೆಂಗಸರಲ್ಲೇ ಹೆಚ್ಚಾಗಿ ಕಾಣುವ ಮೆನಿಂಜಿಯೋಮಾ ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವ ಗಡ್ಡೆ. ಸಣ್ಣದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸಿ ಗಮನಿಸುತ್ತಾ ಹೋಗುವುದೂ ಉಂಟು. ಪಿಟ್ಯುಟರಿ ಗ್ರಂಥಿಯ ಒಂದು ಬಗೆಯ ಗಡ್ಡೆಯಿಂದ ಮುಟ್ಟು ನಿಲ್ಲುತ್ತದೆ, ಬಾಣಂತಿಯಲ್ಲದವರಿಗೂ ಎದೆಹಾಲು ಬರುತ್ತದೆ. ಇದು ಬಹುತೇಕ ಮಾತ್ರೆಯಿಂದಲೇ ಕುಗ್ಗುತ್ತದೆ. ಹಾರ್ಮೋನ್ ತಜ್ಞರು ನೋಡದಿದ್ದರೆ ಬೇಡದ ಆಪರೇಷನ್ ಆದೀತು!

ಇನ್ನು ಗ್ಲಯೋಮಾದಂಥ ಗಡ್ಡೆಯಾದರೆ? ಮಾತಿನ ಜಾಗಕ್ಕೆ ಅಂಟಿದ್ದರೆ ಸರ್ಜನ್ ಪೂರ್ತಿ ತೆಗೆಯಲಾರರು. ತೆಗೆದ ತುಣುಕನ್ನು ಪೆಥಾಲಜಿಸ್ಟ್ ಪರೀಕ್ಷಿಸಿ ಯಾವ ಬಗೆ, 1ರಿಂದ 4ರವರೆಗಿನ ಯಾವ ಗ್ರೇಡ್ ಎಂದು ಹೇಳಬೇಕು. 2016ರಿಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಗಡ್ಡೆಯ ಜೀನ್ ಪರೀಕ್ಷೆಗೂ ಸ್ಥಾನವಿದೆ. ಅದರ ಮೇಲೆ ರೇಡಿಯೇಷನ್ ಬೇಕೋ, ಕೀಮೋ ಬೇಕೋ ಎಂಬ ತೀರ್ಮಾನ. ಕೈಕಾಲಿನ ಶಕ್ತಿಗೆ ಫಿಸಿಯೋಥೆರಪಿ, ಮಾತು ತೊದಲಿದರೆ ಸ್ಪೀಚ್ ಥೆರಪಿ, ಕುಗ್ಗಿದ ಮನಸ್ಸಿಗೆ ಆಪ್ತಸಲಹೆ. ಇವರೆಲ್ಲ ಒಂದೇ ಫೈಲು ಮುಂದಿಟ್ಟುಕೊಂಡು ಚರ್ಚಿಸುವ ವ್ಯವಸ್ಥೆಗೆ 'ಟ್ಯೂಮರ್ ಬೋರ್ಡ್' ಎನ್ನುತ್ತಾರೆ.

ಹರ್ತಿಯವರಿಗೆ ಮೊದಲ ಮೆಟ್ಟಿಲು ಗದಗಿನ ಜಿಮ್ಸ್ ಆಸ್ಪತ್ರೆ. ಮುಂದೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮತ್ತು ನವನಗರದ ಕ್ಯಾನ್ಸರ್ ಆಸ್ಪತ್ರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಅದರ ಹತ್ತಿರವೇ ಕಿದ್ವಾಯಿ. ನಿಮ್ಹಾನ್ಸ್ ಎಂದರೆ "ಹುಚ್ಚರ ಆಸ್ಪತ್ರಿ, ಮಂದಿ ಏನಂದಾರು" ಎಂದು ಹಿಂಜರಿಯುವವರು ಇನ್ನೂ ಇದ್ದಾರೆ. 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯನ್ನು ಸೇರಿಸಿಕೊಂಡು ಸಂಸ್ಥೆ ರೂಪುಗೊಂಡಿದ್ದರಿಂದ ಆ ಹೆಸರು ಉಳಿದಿದೆ, ಅಷ್ಟೆ. ಮಿದುಳು, ನರಗಳ ಆಪರೇಷನ್‌ಗೆ ದೇಶದ ದೊಡ್ಡ ಕೇಂದ್ರಗಳಲ್ಲಿ ಅದೂ ಒಂದು. ಮಂದಿ ಮಾತಿಗೆ ಅಂಜಿ ತಡಮಾಡಬೇಡಿ.

ತಜ್ಞರ ತಂಡ ಎಷ್ಟೇ ದೊಡ್ಡದಿರಲಿ, ಊರಿಗೆ ಮರಳಿದ ಮೇಲೆ ಅದರ ಕೊಂಡಿ ಮನೆಯವರೇ. ಆದ್ದರಿಂದ ಇವು ನೆನಪಿರಲಿ:

* ಸ್ಕ್ಯಾನ್ ಫಿಲ್ಮ್, ಸಿಡಿ, ಬಯಾಪ್ಸಿ ವರದಿ, ಡಿಸ್ಚಾರ್ಜ್ ಪತ್ರ ಒಂದೇ ಚೀಲದಲ್ಲಿರಲಿ. ಎಲ್ಲದರ ಜೆರಾಕ್ಸ್ ಮನೆಯಲ್ಲಿರಲಿ.

* ಆಪರೇಷನ್ ಆದವರನ್ನು ಮನೆಗೆ ಕರೆತರುವ ಮುನ್ನವೇ "ಮುಂದೆ ಯಾರನ್ನ ಕಾಣಬೇಕು, ಯಾವತ್ತು?" ಎಂದು ಬರೆಸಿಕೊಳ್ಳಿ. ರೇಡಿಯೇಷನ್ ಬೇಕೆಂದರೆ "ಹಬ್ಬ ಮುಗಿಸ್ಕೊಂಡು ಹೋಗೂಣು" ಎನ್ನಬೇಡಿ. ಕೆಲವು ಗಡ್ಡೆಗಳಿಗೆ ಅದು ಆರು ವಾರದ ಚಿಕಿತ್ಸೆ. ಊಟ, ವಸತಿ, ಮಕ್ಕಳನ್ನು ನೋಡಿಕೊಳ್ಳುವವರ ವ್ಯವಸ್ಥೆ ಮೊದಲೇ ಆಗಬೇಕು.

* ಫಿಟ್ಸ್ ಮಾತ್ರೆ, ಬಾವು ಇಳಿಸುವ ಸ್ಟಿರಾಯ್ಡ್ ಮಾತ್ರೆಗಳನ್ನು "ಆರಾಮ ಆತಲ್ಲ" ಎಂದು ತಟ್ಟನೆ ನಿಲ್ಲಿಸುವುದು ಅಪಾಯ. ಸ್ಟಿರಾಯ್ಡ್‌ನಿಂದ ಸಕ್ಕರೆ ಏರಬಹುದು, ಮಧುಮೇಹ ಇದ್ದರೆ ಮೊದಲೇ ಹೇಳಿ.

* ಫಿಟ್ಸ್ ಬಂದಾಗ ಕಬ್ಬಿಣ, ಉಳ್ಳಾಗಡ್ಡಿ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

* ಬೆನ್ನುನೋವಿನ ಜೊತೆ ಎರಡೂ ಕಾಲು ಸೋತರೆ, ಮೂತ್ರ ಕಟ್ಟಿದರೆ ಮರುದಿನಕ್ಕೆ ಕಾಯಬೇಡಿ. ಬೆನ್ನುಹುರಿ ಅದುಮಿರಬಹುದು. ತಡವಾದರೆ ಕಾಲಿನ ಶಕ್ತಿ ಮರಳದೇ ಹೋದೀತು.

ಖರ್ಚಿನ ಚಿಂತೆಯೇ? 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮರೆಯಬೇಡಿ. ಕ್ಯಾನ್ಸರ್ ಎಂದು ಖಚಿತವಾದರೆ ಚಿಕಿತ್ಸೆಗೆ ಹೋಗುವ ರೈಲು ಪ್ರಯಾಣಕ್ಕೂ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಎಲ್ಲ ಗಡ್ಡೆಗಳೂ ಗುಣವಾಗುತ್ತವೆ ಎಂದು ಹೇಳಲಾಗದು. ಅಂಥ ಹೊತ್ತಿನಲ್ಲೂ ನೋವು ತಗ್ಗಿಸುವ, ಮನೆಯವರಿಗೆ ಧೈರ್ಯ ಹೇಳುವ ಉಪಶಮನ ಚಿಕಿತ್ಸೆ ಇದೆ. ಅದನ್ನೂ ಕೇಳಿ ಪಡೆಯಿರಿ, ಅದು ಕೈಬಿಟ್ಟಂತೆ ಅಲ್ಲ.

ಮತ್ತೆ ಆ ತಲೆನೋವಿನ ಮಾತು. ಬೆಳಗಿನ ತಲೆನೋವಿನ ಜೊತೆ ವಾಂತಿ, ದೃಷ್ಟಿ ಮಂಜು, ಒಂದು ಕೈ ಜೋಮು, ಮೊದಲ ಸಲ ಫಿಟ್ಸ್, ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಿ. ಮನೆಯವರ ಔಷಧಿಯನ್ನು ಗಳಿಗೆ ತಪ್ಪದೆ ಕೊಡುವ ನೀವು, ನಿಮ್ಮದಕ್ಕೆ ಮಾತ್ರ ರಾಶಿ ಮುಗಿಯುವ ತನಕ ಕಾಯಬೇಡಿ.