ಕ್ಷಯಕ್ಕೆ ಬಂದ ಮೊದಲ ಇಂಜೆಕ್ಷನ್: ವಾಸಿ ಮಾಡಲಿಲ್ಲ, ಆದರೂ ಉಳೀತು

ಶೋಳಿಂಗನಲ್ಲೂರಿನಿಂದ ಈ ವಾರದ ಮಾತುಕತೆಯ ಬರಹರೂಪ ಇದು. ಹೊರದೇಶಕ್ಕೆ ಹೊರಟ ನಮ್ಮವರು ಆಗಾಗ ಕೇಳೋ ಪ್ರಶ್ನೆ: "ಸರ್, ಟಿಬಿ ಟೆಸ್ಟ್ ಅಂತ ಮುಂಗೈಗೆ ಚುಚ್ಚಿದ್ರು, ಊದಿಕೊಂಡಿದೆ. ನನಗೆ ಟಿಬಿ ಬಂದಿದೆಯಾ?" ಉತ್ತರಕ್ಕೆ 1890ರ ಬರ್ಲಿನ್‌ವರೆಗೂ ಹೋಗಿ ಬರಬೇಕು.

ಕ್ಷಯದ ಬ್ಯಾಕ್ಟೀರಿಯಾವನ್ನು 1882ರಲ್ಲಿ ಪತ್ತೆ ಮಾಡಿದ್ದು ರಾಬರ್ಟ್ ಕಾಕ್. ಎಂಟು ವರ್ಷ ಆದಮೇಲೆ, ಅದಕ್ಕೆ ಮದ್ದೂ ಸಿಕ್ಕಿತು ಅಂತ ಅವರು ಘೋಷಿಸಿದರು. ರೋಗಿಗಳು, ಡಾಕ್ಟರುಗಳು ಎಲ್ಲರೂ ಬರ್ಲಿನ್‌ಗೆ ಮುಗಿಬಿದ್ದರು. ಇಂಜೆಕ್ಷನ್‌ನಲ್ಲಿ ಏನಿದೆ ಅಂತ ಮಾತ್ರ ಕಾಕ್ ಮೊದಲು ಹೇಳಲೇ ಇಲ್ಲ. 1891ರಲ್ಲಿ ಗೊತ್ತಾಯ್ತು: ಅದು ಕ್ಷಯದ ಬ್ಯಾಕ್ಟೀರಿಯಾದಿಂದ ಗ್ಲಿಸರಿನ್‌ನಲ್ಲಿ ತೆಗೆದ ಸಾರ. ಹೆಸರು ಟ್ಯೂಬರ್ಕುಲಿನ್.

ಫಲಿತಾಂಶ? ವಾಸಿಯಾದವರು ನೂರಕ್ಕೆ ಒಬ್ಬರಷ್ಟೇ. ಹಲವರಿಗೆ ವಿಪರೀತ ಜ್ವರ ಬಂತು, ಕೆಲವರು ತೀರಿಕೊಂಡರು. ಕಾರಣ ಸರಳ. ನಮ್ಮ ದೇಹ ಒಮ್ಮೆ ನೋಡಿದ ಬ್ಯಾಕ್ಟೀರಿಯಾದ ಪ್ರೋಟೀನನ್ನು ನೆನಪಿಟ್ಟುಕೊಳ್ಳುತ್ತೆ. ಅದೇ ಪ್ರೋಟೀನ್ ಮತ್ತೆ ಒಳಗೆ ಬಂದರೆ ರಕ್ಷಣಾ ಕೋಶಗಳು ನುಗ್ಗಿ ಬರುತ್ತವೆ. ಶ್ವಾಸಕೋಶದಲ್ಲಿ ಮೊದಲೇ ಗಾಯ ಇದ್ದವರಿಗೆ ಆ ಗಾಯದ ಸುತ್ತಲೇ ಉರಿಯೂತ ಎದ್ದಿತು. ಬ್ಯಾಕ್ಟೀರಿಯಾ ಸಾಯಲಿಲ್ಲ.

ಆದರೆ ಮದ್ದಾಗಿ ಸೋತದ್ದು ಪರೀಕ್ಷೆಯಾಗಿ ಗೆದ್ದಿತು. 1907ರಲ್ಲಿ ಫಾನ್ ಪಿರ್ಕೆ, 1908ರಲ್ಲಿ ಮಾಂಟೂ, ಟ್ಯೂಬರ್ಕುಲಿನ್‌ನ ಚೂರೇ ಚೂರನ್ನು ಚರ್ಮಕ್ಕೆ ಕೊಟ್ಟು ಊತ ಬರುತ್ತಾ ಅಂತ ನೋಡೋ ದಾರಿ ತೋರಿಸಿದರು. ನಿಮ್ಮ ಮುಂಗೈಗೆ ಚುಚ್ಚಿದ್ದು ಇದರ ಶುದ್ಧ ಮಾಡಿದ ರೂಪವನ್ನೇ. 48ರಿಂದ 72 ಗಂಟೆ ಬಿಟ್ಟು, ಗಟ್ಟಿಯಾದ ಭಾಗವನ್ನು ಮಿಲಿಮೀಟರಿನಲ್ಲಿ ಅಳೀತಾರೆ. ಊತ ಅಂದರೆ "ಈ ಬ್ಯಾಕ್ಟೀರಿಯಾ ನನಗೆ ಪರಿಚಯ" ಅಂತ ದೇಹ ಹೇಳ್ತಿದೆ ಅಷ್ಟೇ. ಬಿಸಿಜಿ ಹಾಕಿಸಿಕೊಂಡವರಿಗೂ ಊತ ಬರಬಹುದು. ರೋಗ ಇದೆಯಾ ಇಲ್ವಾ ಅಂತ ಹೇಳೋದು ಎಕ್ಸ್‌ರೇ ಮತ್ತು ಕಫ ಪರೀಕ್ಷೆ.

ಬಿಸಿಜಿ ಹಾಕಿದೆಯಲ್ಲ, ಇನ್ನೇನು ಭಯ ಅಂತೀರಾ? ಅದಕ್ಕೂ ಉತ್ತರ ಇಲ್ಲೇ ಪಕ್ಕದಲ್ಲಿದೆ. 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಲಕ್ಷಾಂತರ ಜನರ ಮೇಲೆ ಬಿಸಿಜಿ ಪ್ರಯೋಗ ಶುರುವಾಯಿತು. ನಮ್ಮ ಶೋಳಿಂಗನಲ್ಲೂರೂ ಆಗ ಅದೇ ಜಿಲ್ಲೆಗೆ ಸೇರಿತ್ತು. ಪ್ರಯೋಗ ನಡೆದದ್ದು ತಿರುವಳ್ಳೂರಿನ ಕಡೆ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ಅಲ್ಲಿ ತಡೆಯಲಿಲ್ಲ. ಮಕ್ಕಳಿಗೆ ಬರೋ ಮಿದುಳಿನ ಕ್ಷಯದಂಥ ತೀವ್ರ ರೂಪಗಳಿಂದ ಅದು ಕಾಪಾಡುತ್ತೆ, ಹಾಗಾಗಿ ಇವತ್ತಿಗೂ ಹಾಕ್ತಾರೆ.

ಕ್ಷಯವನ್ನು ವಾಸಿ ಮಾಡಿದ್ದು ಬ್ಯಾಕ್ಟೀರಿಯಾವನ್ನೇ ಕೊಲ್ಲೋ ಔಷಧಿಗಳು. ಸ್ಯಾನಟೋರಿಯಂ ಬೇಕಿಲ್ಲ, ಮನೆಯಲ್ಲೇ ಇದ್ದು ಔಷಧಿ ತಗೊಂಡರೂ ಅಷ್ಟೇ ಚೆನ್ನಾಗಿ ಗುಣವಾಗುತ್ತೆ ಅಂತ 1959ರಲ್ಲಿ ತೋರಿಸಿಕೊಟ್ಟದ್ದು ನಮ್ಮ ಇದೇ ಮದ್ರಾಸಿನ ಸಂಶೋಧನೆ.

ಪಿಜಿಯಲ್ಲಿ ಮೂವರು ಒಂದೇ ಎಸಿ ರೂಮಲ್ಲಿ ಮಲಗೋರು ನಾವು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ಇವನ್ನು ಕಂಡರೆ "ಒಂದು ಇಂಜೆಕ್ಷನ್ ಹಾಕಿಬಿಡಿ" ಅನ್ನಬೇಡಿ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಕೋರ್ಸ್. ನಡುವೆ ಊರಿಗೆ ಹೊರಟರೆ ಮೊದಲೇ ತಿಳಿಸಿ. ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ ಚಿಕಿತ್ಸೆ ಮುಂದುವರಿಸೋ ವ್ಯವಸ್ಥೆ ಇದೆ. ಮಾತ್ರೆ ಮಾತ್ರ ಅರ್ಧಕ್ಕೆ ಬಿಡಬೇಡಿ.