ಮಳೆ ಯಾರ ಪಕ್ಷ?

ಕಾವೇರಿ ಕವಲೊಡೆದು ಎರಡೂ ಮಗ್ಗುಲಲ್ಲಿ ಹರಿಯುವ ಶ್ರೀರಂಗಪಟ್ಟಣಕ್ಕೆ ಕಲ್ಲಿನ ಕೋಟೆಗಿಂತ ನೀರಿನ ಕಾವಲೇ ದೊಡ್ಡದಾಗಿತ್ತು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವ ಹೊಳೆ, ಕೊಡಗಿನಲ್ಲಿ ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ದಾಟಲಾಗದಷ್ಟು ತುಂಬುತ್ತಿತ್ತು. ಪಟ್ಟಣಕ್ಕೆ ಮುತ್ತಿಗೆ ಹಾಕಬೇಕೆಂದವರು ಆರಿದ್ರ ಮಳೆಯೊಳಗೆ ಕೆಲಸ ಮುಗಿಸಬೇಕು, ಇಲ್ಲವೇ ಬಂದ ದಾರಿ ಹಿಡಿಯಬೇಕು. ಹೈದರನಿಗೂ ಟಿಪ್ಪುವಿಗೂ ಈ ಲೆಕ್ಕ ಗೊತ್ತಿತ್ತು. ಹಗೆಯನ್ನು ಸೋಲಿಸಲೇಬೇಕೆಂದೇನೂ ಇಲ್ಲ, ಜೂನ್‌ವರೆಗೆ ತಡೆದು ನಿಲ್ಲಿಸಿದರೆ ಸಾಕು, ಮಿಕ್ಕದ್ದನ್ನು ಹೊಳೆ ನೋಡಿಕೊಳ್ಳುತ್ತದೆ.

ಮಳೆ ಯಾವತ್ತೂ ಊರಿನವನ ಪಕ್ಷ, ಬಂದವನಿಗೆ ವೈರಿ ಎಂಬ ಈ ಲೆಕ್ಕವನ್ನು 1800ರಲ್ಲಿ ತಿರುಗಿಸಿ ನೋಡಿದವನು ಅದೇ ಪಟ್ಟಣದಲ್ಲಿ ಅಧಿಕಾರ ನಡೆಸುತ್ತಿದ್ದ 31 ವರ್ಷದ ಒಬ್ಬ ಕರ್ನಲ್. ತಿರುಗಿಸಿ ನೋಡದೆ ಗತಿಯಿಲ್ಲ ಎನ್ನುವ ಹಾಗೆ ಮಾಡಿದವನು ಅದೇ ಪಟ್ಟಣದ ಸೆರೆಮನೆಯಿಂದ ಹೊರಬಿದ್ದ ಒಬ್ಬ ಕೈದಿ.

ಅದಕ್ಕೆ ಮೊದಲು ಕನ್ನಂಬಾಡಿಯ ಕತೆ ಹೇಳಬೇಕು. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆ ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಹೊರಟ ತಿಂಗಳನ್ನು ನೋಡಿದರೇ ಸಾಕು, ಅವನಿಗೆ ಈ ಸೀಮೆಯ ರೈತನೊಬ್ಬನೂ ಬುದ್ಧಿ ಹೇಳಿರಲಿಲ್ಲ ಎಂದು ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಟಿಪ್ಪುವಿನ ಕುದುರೆಯವರು ಹುಲ್ಲು ಸುಟ್ಟು, ಊರು ಖಾಲಿ ಮಾಡಿಸಿದ್ದರು. ಮೇ 15ರಂದು ಅರಕೆರೆಯ ಬಳಿ ಕಾಳಗವಾಯಿತು. ಕಾರ್ನ್‌ವಾಲಿಸನೇ ಗೆದ್ದ. ಗೆದ್ದ ದಂಡಿಗೆ ಊಟವಿರಲಿಲ್ಲ. ಕೊಡಗಿನ ಕಡೆಯಿಂದ ಬರುತ್ತಿದ್ದ ಕಂಪನಿಯದೇ ಆದ ಅಬರ್‌ಕ್ರಾಂಬಿಯ ದಂಡನ್ನು ಕೂಡಿಕೊಳ್ಳಲು ಹೊಳೆಯ ದಂಡೆ ಹಿಡಿದು ಕನ್ನಂಬಾಡಿಗೆ ಹೋದ. ಆ ವರ್ಷ ಮಳೆ ಬೇಗ ಹಿಡಿಯಿತು. ಹಸಿದ ಎತ್ತುಗಳು ಕೆಸರಲ್ಲಿ ಬಿದ್ದು ಸತ್ತವು. ಗಾಡಿಗಳನ್ನು ಸಿಪಾಯಿಗಳೇ ಎಳೆದರು. ಕೊನೆಗೆ ಮದರಾಸಿನಿಂದ ಅಷ್ಟು ದೂರ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯಲ್ಲಿ ತನ್ನ ಕೈಯಾರೆ ಹಾಳುಮಾಡಿ ಹಿಂತಿರುಗಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತೇವಲ್ಲ, ಆ ಫಿರಂಗಿಗಳು ಜುಟ್ಟಿನ ಮಲ್ಲಿಗೆಯಾಗಿದ್ದವು.

ಹಿಂತಿರುಗುವಾಗ ಮೇಲುಕೋಟೆಯ ಕಡೆಯಲ್ಲಿ ಹರಿಪಂತ ಮತ್ತು ಪರಶುರಾಮ ಭಾವೂನ ಮರಾಠಾ ದಂಡು ಎದುರಾಯಿತು. ಮಿತ್ರರ ದಂಡು, ಆದರೆ ಬರುವ ಸುದ್ದಿಯೇ ತಲುಪಿರಲಿಲ್ಲ. ಸುದ್ದಿ ತರುವವರನ್ನೆಲ್ಲ ಟಿಪ್ಪುವಿನ ಸವಾರರು ತಡೆದಿದ್ದರು. ಆ ದಂಡಿನ ಜೊತೆ ಒಂದು ಬಜಾರೇ ನಡೆದು ಬಂದಿತ್ತು. ಧಾನ್ಯದಿಂದ ಹಿಡಿದು ಬರ್ಮಿಂಗ್‌ಹ್ಯಾಮಿನ ಚಾಕು, ಕಾಶ್ಮೀರದ ಶಾಲಿನವರೆಗೆ ಅಲ್ಲಿ ಏನೆಂದರೆ ಅದು ಸಿಗುತ್ತಿತ್ತು, ಬೆಲೆ ಮಾತ್ರ ಕೇಳಬಾರದು. ಇಂಗ್ಲಿಷರ ಕಡೆ ಶಿಸ್ತು ಇತ್ತು, ಮರಾಠರ ಕಡೆ ಅನ್ನ ಇತ್ತು. ಕಾರ್ನ್‌ವಾಲಿಸ್ ಮರುವರ್ಷ ಫೆಬ್ರವರಿಯಲ್ಲೇ ಬಂದು ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಅವನು ಕಲಿತ ಪಾಠ ಇಷ್ಟು: ಮಳೆಗೆ ಮೊದಲೇ ಬರಬೇಕು. ಅವನ ಫಿರಂಗಿಗಳು ಮಣ್ಣು ಸೇರಿದ ಹಳೇ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ.

1799ರಲ್ಲಿ ಕಂಪನಿಯ ಜನರಲ್ ಹ್ಯಾರಿಸ್ ಮಾಡಿದ್ದೂ ಅದೇ ಲೆಕ್ಕ. ಏಪ್ರಿಲ್ ಮೊದಲ ವಾರದಲ್ಲಿ ಪಟ್ಟಣದ ಮುಂದೆ ಬಂದಿಳಿದ. ಆ ದಂಡಿನಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ (ಮೊದಲು ಹೇಳಿದ ಕರ್ನಲ್ ಇವನೇ) ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನವರ ಬಾಣಬಿರುಸು ಮತ್ತು ಗುಂಡಿಗೆ ಸಿಕ್ಕಿ, ಮೊಣಕಾಲಿಗೆ ಏಟು ಮಾಡಿಕೊಂಡು ಹಿಂತಿರುಗಿದ. ಹಗಲಲ್ಲಿ ನೋಡದ ಜಾಗಕ್ಕೆ ಇರುಳಲ್ಲಿ ನುಗ್ಗಬಾರದೆಂದು ಅಂದೇ ನಿರ್ಧರಿಸಿದ. ಮುಂದಿನ ನಾಲ್ಕು ವಾರ ಇಡೀ ದಂಡಿಗೆ ಎರಡೇ ಚಿಂತೆ, ಅಕ್ಕಿ ಮುಗಿಯುತ್ತಿದೆ, ಹೊಳೆ ಯಾವಾಗ ಬೇಕಾದರೂ ಬರಬಹುದು. ಮೇ 4ರ ಮಧ್ಯಾಹ್ನ ಕೋಟೆಯ ಒಡಕಿನಲ್ಲಿ ದಂಡು ಒಳಹೊಕ್ಕಿತು. ಟಿಪ್ಪು ಸತ್ತ. ಹೊಳೆ ತುಂಬಲು ಇನ್ನೂ ಕೆಲವು ವಾರ ಇತ್ತು.

ಅದೇ ದಿನದ ಗದ್ದಲದಲ್ಲಿ ಸೆರೆಮನೆಯ ಬಾಗಿಲು ತೆರೆಯಿತು. ಪ್ರವಾಸಿಗರು ಇವತ್ತು ನೋಡಲು ಹೋಗುವುದು ಕರ್ನಲ್ ಬೇಲಿಯ ಹೆಸರಿನ ಸೆರೆಮನೆಯನ್ನು. ಆದರೆ ಮುಂದಿನ ಒಂದೂಕಾಲು ವರ್ಷ ಕಂಪನಿಯ ನಿದ್ದೆಗೆಡಿಸಿದವನು ಧೋಂಡಿಯ ವಾಘ್ ಎಂಬ ಕೈದಿ. ಚನ್ನಗಿರಿಯವನು. ಹೈದರನ ದಂಡಿನಲ್ಲಿ ಸವಾರನಾಗಿದ್ದವನು. 1792ರ ಯುದ್ಧದ ಸಮಯದಲ್ಲಿ ಕೈಕೊಟ್ಟು ಹೋಗಿ ಹಾವೇರಿ, ಸವಣೂರಿನ ಕಡೆ ಸ್ವಂತ ಪಡೆ ಕಟ್ಟಿ ಲೂಟಿ ಮಾಡಿದ. ಮರಾಠಾ ಸರದಾರ ಧೋಂಡುಪಂತ ಗೋಖಲೆ ಅಲ್ಲಿಂದ ಅಟ್ಟಿದ ಮೇಲೆ ಟಿಪ್ಪುವಿನ ಆಶ್ರಯಕ್ಕೆ ಬಂದ. ಟಿಪ್ಪು ಮೊದಲು ಕರೆಸಿಕೊಂಡು, ಆಮೇಲೆ ನಂಬದೆ, ಸಂಕೋಲೆ ಹಾಕಿಸಿದ. ಹೊರಬಿದ್ದ ಧೋಂಡಿಯನ ಹಿಂದೆ ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಸಾಲುಗಟ್ಟಿದರು. ಸಂಬಳವಿಲ್ಲದ ಸಾವಿರಾರು ಸಿಪಾಯಿಗಳನ್ನು ಬೀದಿಗೆ ಬಿಟ್ಟು ಯುದ್ಧ ಮುಗಿಯಿತು ಎಂದುಕೊಳ್ಳುವುದು ಗೆದ್ದವರೆಲ್ಲರ ಹಳೆಯ ಚಟ.

1799ರ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಕಂಪನಿಯ ದಂಡು ಅವನನ್ನು ಮುರಿಯಿತು. ಅವನು ತುಂಗಭದ್ರೆ ದಾಟಿದ. ಆಚೆ ದಡ ಪೇಶ್ವೆಯ ಸೀಮೆ, ಕಂಪನಿಯವರು ಕಾಲಿಡುವಂತಿಲ್ಲ. ಅಲ್ಲೂ ಗೋಖಲೆ ಅವನ ಬಿಡಾರ ಲೂಟಿ ಮಾಡಿದ. ಕತೆ ಮುಗಿಯಿತೆಂದು ಎಲ್ಲರೂ ತಿಳಿದರು. ಮರುವರ್ಷದ ಬೇಸಿಗೆಗೆ ಧೋಂಡಿಯ ಇನ್ನೂ ದೊಡ್ಡ ಪಡೆಯೊಂದಿಗೆ ಸವಣೂರು ಸೀಮೆಯಲ್ಲಿ ಕಾಣಿಸಿಕೊಂಡ. ಈ ಸಲ ಹೆಸರಿನ ಮುಂದೆ ‘ಉಭಯ ಲೋಕಾಧೀಶ್ವರ’ ಎಂಬ ಬಿರುದೂ ಇತ್ತು.

ನಗಲು ಬರುವಂಥ ಬಿರುದು, ಆದರೆ ಆ ದಿನಗಳಲ್ಲಿ ನಕ್ಕವರು ಕಡಿಮೆ. ಮೈಸೂರಿನ ಸಿಂಹಾಸನದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕ ಹುಡುಗ. ದಿವಾನ್ ಪೂರ್ಣಯ್ಯ ಹೊಸ ಸರ್ಕಾರವನ್ನು ಕಟ್ಟುತ್ತಿದ್ದರಷ್ಟೆ. ಕರ್ನಾಟಕದ ಉದ್ದಗಲಕ್ಕೆ ಪಾಳೆಯಗಾರರು ಗಾಳಿ ಯಾವ ಕಡೆ ತಿರುಗುತ್ತದೆಂದು ಕಾಯುತ್ತಿದ್ದರು. 1800ರ ಏಪ್ರಿಲ್‌ನಲ್ಲಿ ಬಲಂ ಸೀಮೆಯ ಕೃಷ್ಣಪ್ಪ ನಾಯಕನ ಕಾಡಿನೊಳಗಿನ ಅರಕೆರೆಯಲ್ಲಿ ಕಂಪನಿಯ ಒಂದು ದಂಡು ಏಟು ತಿಂದು ಹಿಂತಿರುಗಿತು. (ಕಾರ್ನ್‌ವಾಲಿಸ್ ಗೆದ್ದ ಅರಕೆರೆ ಬೇರೆ, ಇದು ಬೇರೆ. ಒಂದು ಹೊಳೆ ಬದಿಯದು, ಇನ್ನೊಂದು ಮಲೆನಾಡಿನದು.) ವಯನಾಡಿನಲ್ಲಿ ಪಳಶ್ಶಿ ರಾಜ ಎದ್ದಿದ್ದ. ಜೂನ್ 3ರಂದು ತಮಿಳು ಪಾಳೆಯಗಾರರ ಕೂಟವೊಂದು ಕೊಯಮತ್ತೂರಿನ ಮೇಲೆ ಬಿದ್ದು ಸೋತಿತು. ಇವೆಲ್ಲ ಒಂದೇ ಹೊಕ್ಕುಳಬಳ್ಳಿಯ ಬಂಡಾಯಗಳೆಂದು ಇತಿಹಾಸಕಾರ ಕೆ. ರಾಜಯ್ಯನ್ ವಾದಿಸಿದ್ದಾರೆ. ಧೋಂಡಿಯನನ್ನು ಸ್ವಾತಂತ್ರ್ಯ ಹೋರಾಟಗಾರನೆನ್ನಲು ನನಗೆ ನಾಲಿಗೆ ಏಳುವುದಿಲ್ಲ, ಅವನು ಸುಲಿದ ಊರುಗಳು ಕನ್ನಡದವೇ. ಆದರೆ ಅವನೊಬ್ಬ ಬರೀ ದರೋಡೆಕೋರ ಎಂಬ ಕಂಪನಿಯ ಮಾತನ್ನು ಕಂಪನಿಯ ನಡತೆಯೇ ಸುಳ್ಳಾಗಿಸುತ್ತದೆ. ಜಾವಾ ದ್ವೀಪದ ಬಟೇವಿಯಾದ ಮೇಲಿನ ದಂಡಯಾತ್ರೆಗೆ ನಾಯಕನಾಗುವ ಅವಕಾಶ ಅದೇ ಮೇ ತಿಂಗಳಲ್ಲಿ ವೆಲ್ಲೆಸ್ಲಿಗೆ ಬಂದಿತ್ತು. ಕರೆದವನು ಗವರ್ನರ್ ಜನರಲ್ ಆಗಿದ್ದ ಅವನ ಸ್ವಂತ ಅಣ್ಣ. ಹಣ, ಹೆಸರು ಎರಡೂ ಸಿಗುವ ಕೆಲಸ. ಅದನ್ನು ಬಿಟ್ಟು ಅವನು ಧೋಂಡಿಯನ ಬೆನ್ನು ಹತ್ತಬೇಕಾಯಿತು. ಬರೀ ಕಳ್ಳನೊಬ್ಬನಿಗಾಗಿ ಯಾರೂ ಬಟೇವಿಯಾ ಬಿಡುವುದಿಲ್ಲ.

ಪೇಶ್ವೆಯ ಸೀಮೆಗೆ ನುಗ್ಗಲು ಈ ಸಲ ಒಪ್ಪಿಗೆ ಸಿಕ್ಕಿತು. ಸಿಕ್ಕಿದ್ದು ಮಾತ್ರ ಮುಂಗಾರಿನ ಹೊಸ್ತಿಲಲ್ಲಿ. ಹಳೆಯ ಲೆಕ್ಕದ ಪ್ರಕಾರ ಅದು ದಂಡು ಮನೆಯಲ್ಲಿ ಕೂರುವ ಕಾಲ. ಆಗ ದರಿಯಾ ದೌಲತ್ತಿನಲ್ಲಿ ವಾಸವಿದ್ದ ವೆಲ್ಲೆಸ್ಲಿಯ ಆ ತಿಂಗಳುಗಳ ಪತ್ರಗಳನ್ನು ಓದಿದರೆ ಇವನು ದಂಡನಾಯಕನೋ ಮಂಡಿ ವ್ಯಾಪಾರಿಯೋ ಎಂದು ಅನುಮಾನ ಬರುತ್ತದೆ. ಎತ್ತು, ಅಕ್ಕಿ, ದೋಣಿ, ಮತ್ತೆ ಎತ್ತು. ಅಕ್ಕಿಯ ಚಿಂತೆಗೆ ಕಾರಣವಿತ್ತು. ಅವನ ಮದರಾಸಿನ ಸಿಪಾಯಿಗಳು ಅನ್ನ ಉಣ್ಣುವವರು, ಹೋಗುತ್ತಿದ್ದುದು ಜೋಳದ ಸೀಮೆಗೆ. ಅಕ್ಕಿ ದಕ್ಷಿಣದಿಂದಲೇ ಹೊರಬೇಕು. ಹೊರುವವರು ಹೇರೆತ್ತುಗಳ ಸಾಲು ಹೊಡೆದುಕೊಂಡು ಊರೂರು ತಿರುಗುತ್ತಿದ್ದ ಲಂಬಾಣಿಗಳು. ಯಾವ ರಾಜನ ದಂಡಾದರೂ ಅವರಿಗೆ ಒಂದೇ, ಬೆಲೆ ಸಿಕ್ಕಬೇಕು, ದಾರಿಯಲ್ಲಿ ಲೂಟಿಯಾಗಬಾರದು. ಈ ಎರಡನ್ನೂ ಕಾಯುವ ದಂಡಿಗೆ ಅನ್ನ ಹಿಂದೆಯೇ ಬರುತ್ತದೆಂದು ವೆಲ್ಲೆಸ್ಲಿ ಬೇಗ ತಿಳಿದುಕೊಂಡ. ಲೂಟಿ ಮಾಡಿದ ಸಿಪಾಯಿಯನ್ನು ಅವನು ಬಿಡುತ್ತಿರಲಿಲ್ಲ. ಅದರಲ್ಲಿ ಧರ್ಮಕ್ಕಿಂತ ಮಂಡಿಯ ಲೆಕ್ಕ ಹೆಚ್ಚು.

ಎತ್ತುಗಳು ಪಟ್ಟಣದ ಜೊತೆಯಲ್ಲೇ ಕೈಸೇರಿದ್ದವು. ಅರಮನೆಗೆ ಹಾಲು ಬೆಣ್ಣೆ ಒದಗಿಸಲೆಂದು ಒಡೆಯರ ಕಾಲದಲ್ಲಿ ಹುಟ್ಟಿದ ‘ಬೆಣ್ಣೆ ಚಾವಡಿ’ಯ ದನಗಳನ್ನು ಹೈದರ್ ಫಿರಂಗಿ ಎಳೆಯುವ ತಳಿಯಾಗಿ ಬೆಳೆಸಿದ, ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು. ಆಯಾ ಕಾಲಕ್ಕೆ ಆಯಾ ಕಾವಲಿನ ಹುಲ್ಲು. ತೆಳುವಾದ ಮೈ, ಚೂಪು ಕೊಂಬು, ಬೂದು ಬಣ್ಣ, ಅಪರಿಚಿತರನ್ನು ಹತ್ತಿರ ಸೇರಿಸದ ಮುಂಗೋಪ. ಹೈದರ್ ಇವುಗಳ ಬಲದಿಂದ ಚಿದಂಬರಕ್ಕೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದ, ಟಿಪ್ಪು ಕಂಪನಿಯ ಜನರಲ್ ಮೆಡೋಸ್‌ನ ಮುಂದೆ ಎರಡು ದಿನದಲ್ಲಿ 63 ಮೈಲಿ ನಡೆದ ಎಂದು ಹಳೆಯ ಗೆಜೆಟಿಯರ್ ಬರೆದಿಟ್ಟಿದೆ. ಸೋತ ಮೇಲೂ ಹಗೆಯ ಕಣ್ಣೆದುರೇ ಫಿರಂಗಿ ಎಳೆದುಕೊಂಡು ಹೋಗಬಲ್ಲ ಎತ್ತುಗಳು! ಕನ್ನಂಬಾಡಿಯ ಕೆಸರಲ್ಲಿ ಸತ್ತ ಬಾಡಿಗೆ ಎತ್ತುಗಳಿಗೂ ಇವಕ್ಕೂ ಇದ್ದ ಅಂತರವೇ ಎರಡು ಯುದ್ಧಗಳ ಅಂತರ.

ಜೂನ್ ಕೊನೆಗೆ ಹರಿಹರದಲ್ಲಿ ತುಂಗಭದ್ರೆ ದಾಟಿದರು. ಹೊಳೆ ಏರುತ್ತಿತ್ತು, ದಾಟಿದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಜೂನ್ 30ರಂದು ಧೋಂಡಿಯ ತನ್ನ ಹಳೆಯ ವೈರಿ ಗೋಖಲೆಯ ಮೇಲೆ ಹಠಾತ್ತನೆ ಬಿದ್ದು ಕೊಂದ. ಸತ್ತವನ ರಕ್ತವನ್ನು ಮೀಸೆಗೆ ಬಳಿದುಕೊಂಡನೆಂದು ಕತೆ. ಕಂಪನಿಯ ಮರಾಠಾ ಮಿತ್ರರು ಚದುರಿದರು, ಸತ್ತವನ ಮನೆತನದವನೇ ಆದ ಬಾಪು ಗೋಖಲೆ ವೆಲ್ಲೆಸ್ಲಿಯ ಜೊತೆ ಸೇರಿಕೊಂಡ. ಜುಲೈನಲ್ಲಿ ಕುಂದಗೋಳ, ಡಂಬಳದ ಕೋಟೆಗಳು ಒಂದಾದ ಮೇಲೊಂದು ಬಿದ್ದವು. ಧೋಂಡಿಯ ಮಾತ್ರ ಸಿಗಲಿಲ್ಲ. ಸವಾರರನ್ನು ಕಾಲಾಳು ಹಿಡಿಯುವುದು ಎಲ್ಲಾದರೂ ಉಂಟೆ?

ಉತ್ತರ ಸಿಕ್ಕಿದ್ದು ಜುಲೈ 30ರಂದು, ಮಲಪ್ರಭೆಯ ದಂಡೆಯಲ್ಲಿ. ಮುನವಳ್ಳಿಯ ಎದುರು ಧೋಂಡಿಯನ ದಂಡಿನ ಒಂದು ಭಾಗ ಹೊಳೆ ದಾಟಲು ಕಾದು ಕುಳಿತಿತ್ತು. ಹೊಳೆ ತುಂಬಿ ಹರಿಯುತ್ತಿತ್ತು, ದೋಣಿ ಕಡಿಮೆ. ವೆಲ್ಲೆಸ್ಲಿಯ ಕುದುರೆ ದಂಡು ಮೇಲೆ ಬಿದ್ದಾಗ ಓಡಲು ಜಾಗವೇ ಇರಲಿಲ್ಲ. ಎಷ್ಟೋ ಮಂದಿ ನೀರಿಗೆ ಬಿದ್ದು ಸತ್ತರು. ಆನೆ, ಒಂಟೆ, ಸಾಮಾನು ಎಲ್ಲ ಕೈಸೇರಿತು. ಆಚೆ ದಡ ಸೇರಿದ್ದ ಆರು ಫಿರಂಗಿಗಳನ್ನು ಕೆಲವು ಸಿಪಾಯಿಗಳು ಈಜಿ ಹೋಗಿ ದೋಣಿ ಹಿಡಿದು ತಂದರು. ಶ್ರೀರಂಗಪಟ್ಟಣದ ಮುಂದೆ ಯಾವ ನೀರಿಗೆ ವೆಲ್ಲೆಸ್ಲಿ ಹೆದರಿ ದಿನ ಎಣಿಸಿದ್ದನೋ ಅಂಥದೇ ನೀರು ಇಲ್ಲಿ ಅವನ ಪರವಾಗಿ ಗೋಡೆ ಕಟ್ಟಿ ನಿಂತಿತ್ತು. ಬೇಸಿಗೆಯಲ್ಲಿ ಸವಾರನಿಗೆ ಎಲ್ಲ ಕಡೆಯೂ ದಾರಿ. ಮಳೆಗಾಲದಲ್ಲಿ ಎರಡು ಹೊಳೆಗಳ ನಡುವೆ ಸಿಕ್ಕವನಿಗೆ ದೋಣಿಯಿಲ್ಲದಿದ್ದರೆ ಕುದುರೆಯ ವೇಗವೆಲ್ಲ ದಂಡ. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು ಇದ್ದವನಿಗೆ ಅದೇ ಹೊಳೆ ಬಾಗಿಲು. ಜೊತೆಗೆ ಎಲ್ಲೆಲ್ಲೂ ಹಸಿರು ಹುಲ್ಲು, ಎತ್ತಿಗೆ ಮೇವಿನ ಚಿಂತೆಯಿಲ್ಲ.

ಹೊಳೆ ಹೇಳಿದ ಮಾತು ಕೇಳುವುದಿಲ್ಲ ಎನ್ನುವುದೂ ಆಗಸ್ಟ್‌ನಲ್ಲಿ ಗೊತ್ತಾಯಿತು. ಮಲಪ್ರಭೆ ಕೆಲ ದಿನ ಇಳಿದದ್ದೇ ತಡ, ಧೋಂಡಿಯ ದಾಟಿ ನಿಜಾಮನ ಸೀಮೆಗೆ ಜಾರಿದ. ವೆಲ್ಲೆಸ್ಲಿ ಒಂದು ಕಡೆಯಿಂದ, ಕಂಪನಿಯ ಇನ್ನೊಬ್ಬ ಕರ್ನಲ್ ಸ್ಟೀವನ್‌ಸನ್ ಇನ್ನೊಂದು ಕಡೆಯಿಂದ ಒತ್ತಿಕೊಂಡು ಹೋದರು. ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ 10ರ ಬೆಳಿಗ್ಗೆ, ರಾಯಚೂರು ಸೀಮೆಯ ಕೋನಗಲ್ಲಿನ ಬಳಿ ಧೋಂಡಿಯ 5,000 ಸವಾರರೊಂದಿಗೆ ಎದುರಿಗೆ ಸಿಕ್ಕ. ವೆಲ್ಲೆಸ್ಲಿಯ ಹತ್ತಿರ ನಾಲ್ಕೇ ಕುದುರೆ ರೆಜಿಮೆಂಟು. ಹಿಂದೆ ಯಾರನ್ನೂ ಉಳಿಸಿಕೊಳ್ಳದೆ ಎಲ್ಲರನ್ನೂ ಒಂದೇ ಸಾಲು ಮಾಡಿ ನುಗ್ಗಿಸಿದ. ಧೋಂಡಿಯ ಸತ್ತ. ಹೆಣವನ್ನು ಫಿರಂಗಿ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು. ಸಾಮಾನಿನ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ವೆಲ್ಲೆಸ್ಲಿ ಸಾಕಿದ, ದೇಶ ಬಿಡುವಾಗ ಅವನಿಗೆಂದು ಹಣ ಇಟ್ಟುಹೋದ. ಹುಡುಗ ಮುಂದೆ ಮೈಸೂರು ಅರಸರ ಚಾಕರಿಗೆ ಸೇರಿದ.

ಆಮೇಲೆ ವೆಲ್ಲೆಸ್ಲಿ ಮರಾಠಾ ಸೀಮೆಯಲ್ಲಿ ಯುದ್ಧ ನಡೆಸುವ ಬಗೆಯ ಕುರಿತು ಒಂದು ಟಿಪ್ಪಣಿ ಬರೆದ. ಧೋಂಡಿಯನ ಬೆನ್ನಟ್ಟಿ ಪಡೆದ ಅನುಭವದಿಂದ ಎಂದೇ ಅದು ಶುರುವಾಗುತ್ತದೆ. ಋತು, ದಾರಿ, ಬೆಳೆ, ಹೊಳೆಗಳ ಲೆಕ್ಕ. ಅದರ ತಿರುಳು, ಹೊಳೆಗಳು ತುಂಬಿರುವ ಕಾಲವೇ ನಮಗೆ ಅನುಕೂಲ, ದೋಣಿ ಜೊತೆಗಿರಲಿ ಎಂಬುದು. ಇಂಗ್ಲಿಷ್ ಜೀವನಚರಿತ್ರೆಕಾರರು ಇದನ್ನು ಅವನ ಪ್ರತಿಭೆಯ ಮೊದಲ ಬೆಳಕು ಎಂದು ಮೆಚ್ಚುತ್ತಾರೆ. ಮೆಚ್ಚಲಿ. ಆದರೆ ಎತ್ತು ಹೈದರನದು, ಹೇರು ಲಂಬಾಣಿಗಳದು, ಹರಿಗೋಲು ನಮ್ಮ ಹೊಳೆಯ ಅಂಬಿಗರದು, ಹೊಳೆಯನ್ನೇ ಆಯುಧ ಮಾಡಿಕೊಳ್ಳುವ ಯೋಚನೆ ಶ್ರೀರಂಗಪಟ್ಟಣ ಕಟ್ಟಿದವರದು. ಅವೆಲ್ಲವನ್ನೂ ಕೂಡಿಸಿ, ಕಾಗದಕ್ಕಿಳಿಸಿ, ಊರಿನವನ ಮಳೆಯನ್ನು ಬಂದವನ ಮಳೆಯಾಗಿಸಿದ್ದು ಮಾತ್ರ ಅವನದೇ.

1803ರಲ್ಲಿ ಆ ಟಿಪ್ಪಣಿ ಕೆಲಸಕ್ಕೆ ಬಂತು. ಅದೇ ಹರಿಹರದಿಂದ ಹೊರಟ ವೆಲ್ಲೆಸ್ಲಿಯ ದಂಡು ಪುಣೆ ತಲುಪಿತು. ಮರಾಠಾ ಸರದಾರ ಸಿಂಧಿಯಾನ ಮೇಲಿನ ಯುದ್ಧ ಆಗಸ್ಟ್‌ನ ನಡು ಮಳೆಗಾಲದಲ್ಲೇ ಶುರುವಾಯಿತು, ಸೆಪ್ಟೆಂಬರ್ 23ಕ್ಕೆ ಅಸ್ಸಾಯೆಯ ಕಾಳಗ ಗೆದ್ದಾಗಿತ್ತು.

ಅಮೃತ ಮಹಲಿನ ದನಗಳನ್ನು ಕಂಪನಿ ಮೈಸೂರು ಸರ್ಕಾರದ ಉಸ್ತುವಾರಿಗೆ ಬಿಟ್ಟಿತ್ತು. ಟಿಪ್ಪುವಿನ ಕಟ್ಟುಪಾಡು ಹೋದ ಮೇಲೆ ತಳಿ ಕೆಡುತ್ತಾ ಬಂತು. ದಂಡಿಗೆ ಯೋಗ್ಯ ಎತ್ತು ಸಾಲದಾದಾಗ, 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವಿಯನ್ನು ಕಳಿಸಿ ಮಂದೆಗಳನ್ನು ವಾಪಸ್ ಪಡೆದು ಮೊದಲಿನಿಂದ ಸರಿಮಾಡಬೇಕಾಯಿತು. ಆ ಹೊತ್ತಿಗೆ ವೆಲಿಂಗ್ಟನ್ ಎನಿಸಿಕೊಂಡಿದ್ದ ವೆಲ್ಲೆಸ್ಲಿ ಸ್ಪೇನಿನಲ್ಲಿ ನೆಪೋಲಿಯನ್ನನ ದಂಡುಗಳ ಜೊತೆ ಕಾದಾಡುತ್ತಿದ್ದ, ಮತ್ತು ಅಲ್ಲಿನ ಎತ್ತುಗಳ ನಡಿಗೆ ನೋಡಿ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಕೊರಗುತ್ತಿದ್ದ.